ಜವರಯ್ಯನವರ ಒಳಗಿನ ಕಾಯಿಲೆ

ಮೈಸೂರಿನ ಶ್ರೀರಾಂಪುರದ ಜವರಯ್ಯನವರಿಗೆ ತಾವು ದಪ್ಪಗಿದ್ದೇವೆಂಬ ಸಂಗತಿ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ದಪ್ಪಗಾಗಲು ಅವರ ಕಸುಬೇ ಕಾರಣ. ಅವರದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಾಗಲಿ, ನಾಮಕರಣವಾಗಲಿ, ತಿಥಿಯಾಗಲಿ, ಎಲ್ಲರಿಗಿಂತ ಮೊದಲು ಹೋಗುವವರೂ ಅವರೇ, ಕೊನೆಗೆ ಹೊರಡುವವರೂ ಅವರೇ. ಮಧ್ಯೆ ಎಲೆ ಹಾಕಿದಾಗ ಕೂರದಿದ್ದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಯಾರ ಮನಸ್ಸನ್ನೂ ನೋಯಿಸಬಾರದೆಂಬುದು ಜವರಯ್ಯನವರ ಧರ್ಮ. ಆ ಧರ್ಮವೆಲ್ಲ ವರ್ಷಗಳಿಂದ ಅವರ ಸೊಂಟದ ಸುತ್ತ ಜಮೆಯಾಗುತ್ತ ಬಂದಿತ್ತು.

ಹೂಟಗಳ್ಳಿಯ ಒಂದು ಆರತಕ್ಷತೆಯಲ್ಲಿ ಗುಟ್ಟು ರಟ್ಟಾಯಿತು. ವೇದಿಕೆಯ ಮುಂದಿನ ಪರದೆ ಜಾರುತ್ತಿದೆಯೆಂದು ಜವರಯ್ಯನವರು ಹತ್ತಿ ಸರಿಪಡಿಸುತ್ತಿದ್ದರು. ಅದೇ ಹೊತ್ತಿಗೆ ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಉಡುಗೊರೆ ಕೊಡಲು ಬಂದರು. ಆಮೇಲೆ ವಿಡಿಯೋ ಹಾಕಿ ನೋಡಿದರೆ ಹುಡುಗ ಇಲ್ಲ, ಹುಡುಗಿ ಇಲ್ಲ, ದೊಡ್ಡ ಮನುಷ್ಯರೂ ಇಲ್ಲ, ಟಿವಿ ತುಂಬ ಬರೀ ಬಿಳಿ. ಹುಡುಗಿಯ ಸೋದರಮಾವ ಫೋನು ಮಾಡಿ, ಬಹಳ ಮರ್ಯಾದೆಯಿಂದಲೇ, ಅಂಥ ಹೊತ್ತಿನಲ್ಲಿ ಶಾಮಿಯಾನದ ಬಟ್ಟೆಯನ್ನು ವೇದಿಕೆಯ ಮುಂದೆ ಯಾಕೆ ಇಳಿಬಿಟ್ಟಿರಿ ಎಂದು ಕೇಳಿದರು. ಅದು ಶಾಮಿಯಾನದ ಬಟ್ಟೆಯಲ್ಲ, ಬಿಳಿ ಅಂಗಿಯೊಳಗಿನ ತಮ್ಮ ಬೆನ್ನು ಎಂದು ಹೇಳುವ ಧೈರ್ಯ ಜವರಯ್ಯನವರಿಗೆ ಬರಲಿಲ್ಲ. ಇನ್ನು ಮುಂದೆ ಹೀಗಾಗುವುದಿಲ್ಲ ಎಂದಷ್ಟೇ ಹೇಳಿ ಫೋನಿಟ್ಟರು. ಅವರ ಹೆಂಡತಿ ಅಂಬುಜಾ ನಕ್ಕು ನಕ್ಕು, ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ.

ಮಾತು ಕೊಟ್ಟ ಮೇಲೆ ನಡೆಸಬೇಕಲ್ಲ. ಸರಸ್ವತಿಪುರಂನಲ್ಲಿ ಹೊಸದಾಗಿ ತೆರೆದಿದ್ದ ‘ತನುಲಾಘವ’ ಎಂಬ ತೂಕ ಇಳಿಸುವ ಕ್ಲಿನಿಕ್ಕಿಗೆ ಜವರಯ್ಯನವರು ಹೋದರು. ಅಲ್ಲಿ ಸಿಂಚನ ಎಂಬ ಹುಡುಗಿ ನಗುನಗುತ್ತ ಕೂರಿಸಿ, ಎಲ್ಲರಿಗೂ ಒಂದೇ ಮದ್ದು ಕೊಡುವ ಜಾಗ ಇದಲ್ಲ, ನಿಮ್ಮ ದೇಹಕ್ಕೆಂದೇ ಬೇರೆ ಯೋಜನೆ ಮಾಡುತ್ತೇವೆ ಎಂದಳು. ರೆಡಿಮೇಡ್ ಅಂಗಿ ಹೊಂದದೆ ಎಷ್ಟೋ ವರ್ಷಗಳಿಂದ ಹೊಲಿಸಿಕೊಂಡೇ ಹಾಕುತ್ತಿದ್ದ ಜವರಯ್ಯನವರಿಗೆ ಈ ಮಾತು ಬಹಳ ಹಿಡಿಸಿತು. ರಕ್ತ ತೆಗೆದರು, ಸುತ್ತಳತೆ ತೆಗೆದರು, ಅಪ್ಪ ಏನು ತಿನ್ನುತ್ತಿದ್ದರು, ತಾತ ಏನು ತಿನ್ನುತ್ತಿದ್ದರು ಎಂದು ವಿಚಾರಿಸಿದರು. ಡಾಕ್ಟರ್ ಸಮನ್ವಿತಾ ಎಲ್ಲವನ್ನೂ ನೋಡಿ ವಾರಕ್ಕೊಂದು ಇಂಜೆಕ್ಷನ್, ತಟ್ಟೆಗೊಂದು ಅಳತೆ, ದಿನಕ್ಕೊಂದು ನಡಿಗೆ ಗೊತ್ತುಮಾಡಿದರು.

ಕೊನೆಗೆ ದುಡ್ಡಿನ ಮಾತು ಬಂತು. ಜವರಯ್ಯನವರು ಠೀವಿಯಿಂದ ಆರೋಗ್ಯ ವಿಮೆಯ ಕಾರ್ಡು ತೆಗೆದಿಟ್ಟರು. ವಿಮೆಯವರು ಫೋನಿನಲ್ಲಿ, ಬಿದ್ದರೆ ಕೊಡುತ್ತೇವೆ, ಕೊಯ್ದರೆ ಕೊಡುತ್ತೇವೆ, ನಿಮ್ಮ ಪಾಲಿಸಿಯಲ್ಲಿ ಬೊಜ್ಜಿಗೆ ಮಾತ್ರ ಇಲ್ಲ ಎಂದುಬಿಟ್ಟರು. ಕಂತಿನಲ್ಲಿ ಕಟ್ಟಬಹುದು, ಆದರೆ ಬಡ್ಡಿ ಬೀಳುತ್ತದೆ, ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಉಂಟು ಎಂದಳು ಸಿಂಚನ. ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ವ್ಯಾಪಾರಸ್ಥ ಸುಮ್ಮನಿರುತ್ತಾನೆಯೇ? ಒಟ್ಟಿಗೇ ಕಟ್ಟುತ್ತೇನೆಂದು ಹೇಳಿ ಜವರಯ್ಯನವರು ಎದೆಯುಬ್ಬಿಸಿ ಹೊರಬಂದರು. ಅಷ್ಟು ದುಡ್ಡು ಒಟ್ಟಿಗೆ ತಮ್ಮ ಹತ್ತಿರ ಇಲ್ಲವೆಂಬುದು ಸ್ಕೂಟರು ಅರ್ಧ ದಾರಿ ಬಂದ ಮೇಲೆ ನೆನಪಾಯಿತು.

ಆದರೂ ಅವರೇನೂ ಹೆದರಲಿಲ್ಲ. ಬೀದಿಯಲ್ಲಿ ರಾಮಸ್ವಾಮಿಯವರ ಚೀಟಿ ಇತ್ತು. ರಾಮಸ್ವಾಮಿ ಬ್ಯಾಂಕಿನಿಂದ ನಿವೃತ್ತರಾದವರು, ಹಣೆಯ ನಾಮದಷ್ಟೇ ನೇರವಾದ ಮನುಷ್ಯ. ತಿಂಗಳಿಗೊಮ್ಮೆ ಅವರ ಮನೆಯ ಜಗುಲಿಯಲ್ಲಿ ಚೀಟಿ ಕೂಗುತ್ತಿದ್ದರು. ಯಾರು ಹೆಚ್ಚು ಬಿಟ್ಟುಕೊಡಲು ಒಪ್ಪುತ್ತಾರೋ ಅವರಿಗೆ ಆ ತಿಂಗಳ ಚೀಟಿ, ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ. ಆದರೆ ರಾಮಸ್ವಾಮಿ ಹಿಂದಿನಿಂದ ನಡೆಸಿಕೊಂಡು ಬಂದ ಒಂದು ಕಟ್ಟಳೆ ಇತ್ತು. ಸಾವು, ಹೆರಿಗೆ, ಆಸ್ಪತ್ರೆ, ಈ ಮೂರಕ್ಕೆ ಕೂಗು ಇಲ್ಲ. ಕೇಳಿದವರಿಗೆ ಒಂದು ಪೈಸೆ ಮುರಿಯದೆ ಪೂರ್ತಿ ಕೊಡುವುದು.

ಆ ತಿಂಗಳು ರಾಗಿ ಮಿಲ್ಲಿನ ನೀಲಮ್ಮ ಚೀಟಿಗೆ ಬಿಗಿಯಾಗಿ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಮಿಲ್ಲು ನಡೆಸಿ ಇಬ್ಬರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಮಿಲ್ಲಿನ ಮೋಟಾರು ಸುಟ್ಟುಹೋಗಿತ್ತು, ಹೊಸದು ಬೇಕಿತ್ತು. ಜವರಯ್ಯನವರು ಒಂದು ಕೂಗಿದರೆ ನೀಲಮ್ಮ ಅದರ ಮೇಲೊಂದು ಕೂಗುತ್ತಿದ್ದರು. ಹೀಗೇ ಹೋದರೆ ರಿಯಾಯಿತಿಯ ಅಪ್ಪನಂಥ ನಷ್ಟವಾಗುತ್ತದೆಂದು ಹೊಳೆದು ಜವರಯ್ಯನವರು ಕೂಗುವುದು ಬಿಟ್ಟು, “ನಂಗೆ ಆಸ್ಪತ್ರೆಗೆ ಕಟ್ಬೇಕು ಸ್ವಾಮಿ” ಎಂದರು.

ಸುಳ್ಳಲ್ಲ. ತನುಲಾಘವದ ಬೋರ್ಡಿನಲ್ಲಿ ಡಾಕ್ಟರ ಹೆಸರಿದೆ, ಒಳಗೆ ಸೂಜಿಯಿದೆ, ಆಸ್ಪತ್ರೆಯಲ್ಲದೆ ಮತ್ತೇನು? ರಾಮಸ್ವಾಮಿ ಕನ್ನಡಕ ತೆಗೆದು, ಏನು ತೊಂದರೆ ಎಂದು ಮೆಲ್ಲಗೆ ಕೇಳಿದರು. ಬೊಜ್ಜು ಎನ್ನಲು ನಾಲಿಗೆ ಏಳದೆ ಜವರಯ್ಯನವರು ಹೊಟ್ಟೆಯ ಮೇಲೆ ಕೈಯಿಟ್ಟು, “ಒಳಗಿಂದು” ಎಂದರು.

ನೀಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು: “ಅಣ್ಣಂಗೆ ಕೊಟ್ಬುಡಿ ಸಾಮಿ. ಮೋಟ್ರು ಎಲ್ಲಿಗೋದದು, ಬರೋ ತಿಂಗ್ಳು ತಗಂಡ್ರಾಯ್ತು.” ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ಜವರಯ್ಯನವರು ಪೂರ್ತಿ ದುಡ್ಡು ಎಣಿಸಿಕೊಂಡು, ವ್ಯವಹಾರ ಎಂದರೆ ಹೀಗಿರಬೇಕು ಎಂದುಕೊಳ್ಳುತ್ತ ಮನೆಗೆ ಬಂದರು. ಕ್ಲಿನಿಕ್ಕಿನ ಸುದ್ದಿ ಹೊರಗೆ ಹೋಗಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡರು. ಮರುದಿನದಿಂದ ಯಾರು ಏನು ಕೇಳಿದರೂ ಅಂಬುಜಾ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದರು. ಅವರು ನಗು ತಡೆಯುತ್ತಿದ್ದರು, ಬೀದಿಯವರ ಕಣ್ಣಿಗೆ ಅದು ಅಳು ನುಂಗಿದಂತೆ ಕಾಣುತ್ತಿತ್ತು.

ಔಷಧಿ ಚೆನ್ನಾಗಿ ಹಿಡಿಯಿತು. ಹಸಿವು ಕಡಿಮೆಯಾಯಿತು, ಆಗಾಗ ಸ್ವಲ್ಪ ವಾಕರಿಕೆಯೂ ಬಂತು. ಪ್ಯಾಂಟು ಸಡಿಲವಾಯಿತು, ಕೆನ್ನೆ ಇಳಿಯಿತು. ಕನ್ನಡಿಯ ಮುಂದೆ ನಿಂತರೆ ಜವರಯ್ಯನವರಿಗೆ ತಮ್ಮ ಮದುವೆಯ ಫೋಟೋದ ಹುಡುಗ ಅಷ್ಟಿಷ್ಟು ಕಾಣಿಸುತ್ತಿದ್ದ. ಬೀದಿಗೆ ಕಾಣಿಸಿದ್ದೇ ಬೇರೆ. ಕಲ್ಲಿನ ಹಾಗಿದ್ದ ಆಳು ಕರಗಿಹೋಗುತ್ತಿದ್ದಾನಲ್ಲ ಎಂದು ಜನ ಮರುಗಿದರು. ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಹೋಗುವ ಜನವೇ ನಮ್ಮದು? ಒಬ್ಬರು ಕಾಲು ಸೂಪು ತಂದರು, ಒಬ್ಬರು ಒಬ್ಬಟ್ಟು ತಂದರು, ಇನ್ನೊಬ್ಬರು ಬಾಯಿ ಕೆಟ್ಟಿರುತ್ತದೆಂದು ಬಾಳಕದ ಮೆಣಸಿನಕಾಯಿ, ಅದಕ್ಕೆ ಜೊತೆಯಿರಲೆಂದು ಬಿಸಿಬೇಳೆ ಭಾತು ತಂದರು.

ಇಲ್ಲಿ ಜವರಯ್ಯನವರು ಪೇಚಿಗೆ ಸಿಕ್ಕಿಕೊಂಡರು. ತಿಂದರೆ ಕ್ಲಿನಿಕ್ಕಿಗೆ ಸುರಿದ ದುಡ್ಡು ಹೊಳೆಗೆ ಹಾಕಿದ ಹಾಗೆ. ತಿನ್ನದಿದ್ದರೆ, ಅಯ್ಯೋ ಊಟವೇ ಸೇರುತ್ತಿಲ್ಲವಂತೆ ಎಂದು ಸುದ್ದಿ ಹಬ್ಬಿ ಮರುದಿನ ಇನ್ನೆರಡು ಡಬ್ಬಿ ಹೆಚ್ಚಿಗೆ ಬರುತ್ತಿತ್ತು. ಸುದ್ದಿ ನಂಜನಗೂಡಿನ ಆಚೆಯ ಅವರ ಊರಿಗೂ ಮುಟ್ಟಿ, ಅಕ್ಕ ಶಿವನಂಜಮ್ಮ ನಾಟಿ ಕೋಳಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದೇಬಿಟ್ಟರು. ಬಂದವರೇ ತಮ್ಮನ ಮುಖ ಸವರಿ, ಬಾಗಿಲಲ್ಲೇ ಕೂತು ಗೊಳೋ ಎಂದು ಅತ್ತರು.

ಒಡಹುಟ್ಟಿದವಳಿಗಾದರೂ ನಿಜ ಹೇಳೋಣವೆಂದು ಜವರಯ್ಯನವರು ಬಾಗಿಲು ಹಾಕಿಕೊಂಡು, ತಮಗೆ ಕಾಯಿಲೆ ಇಲ್ಲ, ಸಣ್ಣಗಾಗಲೆಂದು ತಾವೇ ದುಡ್ಡು ಕಟ್ಟಿದ್ದೇವೆ ಎಂದು ಬಿಡಿಸಿ ಹೇಳಿದರು. ಶಿವನಂಜಮ್ಮ ಕಣ್ಣೊರೆಸಿಕೊಂಡು ತಮ್ಮನನ್ನೇ ನೋಡಿದರು.

“ಲೋ ಮಗಾ, ಹೊಟ್ಟೆಗಿಲ್ದೆ ಸಣ್ಣಗಾಗಿದ್ ಕಾಲ ನೋಡಿವ್ನಿ ನಾನು. ದುಡ್ ಕೊಟ್ಟು ಉಪಾಸ ಇರೋರು ಈ ಭೂಮಿ ಮ್ಯಾಗೆ ಇದ್ದಾರ? ಅಕ್ಕ ನೊಂದ್ಕತಾಳೆ ಅಂತ ನಂಗೇ ಕತೆ ಕಟ್ತಿಯಾ?”

ಹೀಗೆ ಹೇಳಿ ಅವರು ಕೋಳಿ ಸಾರಿಗೆ ಮಸಾಲೆ ಅರೆಯಲು ಎದ್ದರು. ಸಂಜೆಯ ಹೊತ್ತಿಗೆ, ಕಾಯಿಲೆ ತಲೆಗೂ ಏರಿದೆ, ಏನೇನೋ ಮಾತಾಡುತ್ತಾನೆ ಎಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು.

ಇಷ್ಟಾದರೂ ಜವರಯ್ಯನವರ ಧೈರ್ಯ ಕುಂದಿರಲಿಲ್ಲ. ಕುಂದಿಸಿದ್ದು ಒಂದು ಬೀಗ. ಮುಂದಿನ ತಿಂಗಳ ಚೀಟಿ ಇನ್ನೊಬ್ಬರ ಮಗಳ ಹೆರಿಗೆಗೆ ಹೋಗಿತ್ತು, ಕಟ್ಟಳೆ ಕಟ್ಟಳೆಯೇ. ಒಂದು ಬೆಳಿಗ್ಗೆ ಅವರು ನಡಿಗೆಗೆ ಹೊರಟಾಗ ನೀಲಮ್ಮ ಮಿಲ್ಲಿನ ಬಾಗಿಲಿಗೆ ಬೀಗ ಹಾಕಿ ಬಸ್ ಸ್ಟಾಪಿನ ಕಡೆ ಹೋಗುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಅಶೋಕಪುರಂಗೆ, ಅಲ್ಲಿ ಬೇರೆಯವರ ಮಿಲ್ಲಿನಲ್ಲಿ ಕೂಲಿಗೆ ಹಿಟ್ಟು ಬೀಸಲು. ಸ್ವಂತ ಮಿಲ್ಲಿನ ಯಜಮಾನಿ ಕೂಲಿಗೆ ಹೋಗುವುದು ಯಾರಿಂದ ಎಂದು ಜವರಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ನೀಲಮ್ಮ ಮಾತ್ರ ನಿಂತು, ಬಿಸಿಲಲ್ಲಿ ಸುತ್ತಬೇಡಿ ಅಣ್ಣ, ಮೈಗೆ ಆಗದು ಎಂದು ಹೇಳಿ ಬಸ್ಸು ಹತ್ತಿದರು. ಜವರಯ್ಯನವರಿಗೆ ನಾಚಿಕೆಯಾಯಿತು. ವಿಡಿಯೋದಲ್ಲಿ ತಮ್ಮ ಬೆನ್ನು ಕಂಡಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

ನಡಿಗೆ ಬಿಟ್ಟು ಮನೆಗೆ ಬಂದರು. ಕ್ಲಿನಿಕ್ಕಿನಿಂದ ಉಳಿದ ದುಡ್ಡು ವಾಪಸು ತಂದು ನೀಲಮ್ಮನ ಕೈಗೆ ಕೊಟ್ಟುಬಿಡುವುದೆಂದು ನಿಶ್ಚಯಿಸಿದರು. ಕೊಡುವಾಗ ಏನು ಹೇಳುವುದೆಂದು ಮಾತ್ರ ಹೊಳೆಯದೆ ನಾಲ್ಕು ದಿನ ಮಂಕಾಗಿ ಕೂತರು. ಐದನೆಯ ದಿನ, ನೀಲಮ್ಮ ಕೂಲಿಗೆ ಹೋಗದ ಭಾನುವಾರ, ಎದ್ದು ರಿಪೋರ್ಟುಗಳ ಫೈಲು ಹಿಡಿದು ದೇವರ ಪಟಕ್ಕೆ ಕೈಮುಗಿದರು. ಅಂಬುಜಾ ಅಂಗಡಿಯಲ್ಲಿದ್ದರು. ಯೋಚನೆಯಲ್ಲೇ ಜವರಯ್ಯನವರು ಅಕ್ಕನಿಗೆ “ಹೋಯ್ತೀನಿ ಅಕ್ಕ” ಎಂದು ಹೇಳಿ, ಆಟೋದವನಿಗೆ ಸರಸ್ವತಿಪುರಂನ ತನುಲಾಘವ ಎಂದು ಕೂಗಿ ಹತ್ತಿ ಕೂತರು.

ಹೋಗಿಬರುತ್ತೇನೆ ಎನ್ನದೆ ಹೋಗುತ್ತೇನೆ ಎಂದವನನ್ನು ಯಾವ ಅಕ್ಕ ಸುಮ್ಮನೆ ಬಿಟ್ಟಾಳು? ಶಿವನಂಜಮ್ಮ ಬೀದಿಗಿಳಿದು ಕೂಗಿಕೊಂಡರು. ರಾಮಸ್ವಾಮಿ ಪಂಚೆ ಬಿಗಿಮಾಡಿಕೊಂಡು ಬಂದರು, ನೀಲಮ್ಮ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಬಂದರು. ಅಂಗಡಿಯ ಗೂಡ್ಸ್ ಗಾಡಿ ಓಡಿಸುವ ಶಿವಕಿರಣ್ ಆಗತಾನೆ ಯಾವುದೋ ನಾಮಕರಣ ಮುಗಿಸಿ ಜಮಖಾನೆ ಹೇರಿಕೊಂಡು ಬರುತ್ತಿದ್ದ. ಎಲ್ಲರೂ ಅದರ ಮೇಲೇ ಹತ್ತಿ ಕೂತರು. ಆಟೋದ ಹಿಂದೆ ಜವರಯ್ಯನವರ ಗಾಡಿ, ಗಾಡಿಯಲ್ಲಿ ಜವರಯ್ಯನವರ ಜಮಖಾನೆ, ಜಮಖಾನೆಯ ಮೇಲೆ ಜವರಯ್ಯನವರಿಗಾಗಿ ಅಳುವ ಜನ, ಹೀಗೆ ಮೆರವಣಿಗೆ ಸರಸ್ವತಿಪುರಂ ಸೇರಿತು.

ಜವರಯ್ಯನವರು ಒಳಗೆ ಡಾಕ್ಟರ ಮುಂದೆ ಕೂತು ಉಳಿದ ದುಡ್ಡು ವಾಪಸು ಕೇಳುತ್ತಿದ್ದರು. ಹೊರಗೆ ಈ ಜನ ನುಗ್ಗಿದರು. ತನುಲಾಘವದ ಗೋಡೆಯ ತುಂಬ ಜೋಡಿ ಫೋಟೋಗಳು. ಎಡಗಡೆ ಚಿಕಿತ್ಸೆಗೆ ಮೊದಲು ತುಂಬಿದ ಕೆನ್ನೆಯ ಮನುಷ್ಯ, ಬಲಗಡೆ ಆಮೇಲೆ ಸಣ್ಣಗಾದ ಅದೇ ಮನುಷ್ಯ. ನೀಲಮ್ಮ ಒಂದೊಂದನ್ನೇ ನೋಡುತ್ತ ಹೋಗಿ ಕೊನೆಯ ಫೋಟೋದ ಮುಂದೆ ನಿಂತರು.

“ನೋಡ್ರಪ್ಪ, ಎಂಗೆ ಮಹಾರಾಜ್ರಂಗೆ ಬಂದೋರ್ನ ಎಂಗ್ ಮಾಡಿ ಕಳಿಸವ್ರೆ ಅಂತ. ಮಾಡಿದ್ದಲ್ದೆ ಗ್ವಾಡೆ ಮ್ಯಾಗ್ ಬ್ಯಾರೆ ಹಾಕವ್ರೆ.”

ಸಿಂಚನ ಓಡಿ ಬಂದು, ಇವರೆಲ್ಲ ಗುಣವಾದವರು ಎಂದಳು. ಇದು ಗುಣವಾದದ್ದಾದರೆ ಕೆಟ್ಟವರು ಹೇಗಿರುತ್ತಾರೆ ತೋರಿಸು ಎಂದರು ಶಿವನಂಜಮ್ಮ. ಸರದಿಗೆ ಕಾದಿದ್ದ ದಪ್ಪನೆಯ ಹೆಂಗಸೊಬ್ಬರ ಕೈಹಿಡಿದು, ತಾಯಿ, ಇಷ್ಟು ಚೆನ್ನಾಗಿದ್ದೀರ, ಇಲ್ಲಿಗೆ ಯಾಕೆ ಬಂದಿರಿ, ಎದ್ದು ಮನೆಗೆ ಹೋಗಿ ಎಂದು ಬೇಡಿಕೊಂಡರು. ಆ ಹೆಂಗಸಿಗೆ ಜನ್ಮದಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲವೋ ಏನೋ, ಕಣ್ಣಲ್ಲಿ ನೀರು ತಂದುಕೊಂಡು ನಿಜವಾಗಿಯೂ ಎದ್ದು ಹೋದರು. ಅವರ ಹಿಂದೆ ಇನ್ನೂ ಒಬ್ಬರು ಹೋದರು. ರಾಮಸ್ವಾಮಿ ಮಾತ್ರ ಗಂಭೀರವಾಗಿ, ರೋಗಿಯ ಸ್ಥಿತಿ ಇನ್ನೆಷ್ಟು ದಿನದ್ದು, ಮುಚ್ಚುಮರೆಯಿಲ್ಲದೆ ತಿಳಿಸಬೇಕು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

ಗಲಾಟೆ ಕೇಳಿ ಡಾಕ್ಟರ್ ಸಮನ್ವಿತಾ ಹೊರಬಂದರು, ಅವರ ಹಿಂದೆ ಜವರಯ್ಯನವರೂ ಬಂದರು. ಇವರಿಗೆ ಯಾವ ರೋಗವೂ ಇಲ್ಲ, ತೂಕ ಇಳಿಸಿಕೊಳ್ಳಲು ಬಂದಿದ್ದಾರೆ, ಮೊದಲಿಗಿಂತ ಈಗಲೇ ಆರೋಗ್ಯವಾಗಿದ್ದಾರೆ ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಎಲ್ಲರೂ ಜವರಯ್ಯನವರ ಕಡೆ ತಿರುಗಿದರು. ಬೆನ್ನು ಇಳಿದದ್ದಕ್ಕೆ ಅವರು ಮೊದಲ ಸಲ ಪಶ್ಚಾತ್ತಾಪಪಟ್ಟರು, ಅದರ ಹಿಂದೆ ಈಗ ಅವಿತುಕೊಳ್ಳಲು ಜಾಗ ಸಾಲದು. ತಲೆ ತಗ್ಗಿಸಿ ಡಾಕ್ಟರು ಹೇಳಿದ್ದು ನಿಜವೆಂದು ಒಪ್ಪಿಕೊಂಡರು.

“ಅಂದ್ರೆ ಜವರಣ್ಣ ಸಾಯಾಕಿಲ್ವ?” ಎಂದು ನೀಲಮ್ಮ ಡಾಕ್ಟರನ್ನು ಕೇಳಿದರು.

ಇಲ್ಲ ಎಂದರು ಡಾಕ್ಟರು. ನೀಲಮ್ಮ ಕುರ್ಚಿಯ ಮೇಲೆ ಕುಸಿದು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಬೈಗುಳ ಕಾದಿದ್ದ ಜವರಯ್ಯನವರಿಗೆ ಇದನ್ನು ನೋಡಲಾಗಲಿಲ್ಲ. ಅತ್ತು ಮುಗಿದ ಮೇಲೆ ನೀಲಮ್ಮ ಮುಖ ಒರೆಸಿಕೊಂಡು, ಚೀಟಿ ಬಿಟ್ಟುಕೊಟ್ಟ ದಿನ ಇವರ ತೂಕ ಎಷ್ಟಿತ್ತು, ಬರೆದು ಕೊಡಿ ಎಂದು ಡಾಕ್ಟರನ್ನು ಕೇಳಿದರು. ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ನೀಲಮ್ಮ ಜವರಯ್ಯನವರ ಕಡೆ ನೋಡದೆಯೇ ಹೇಳಿದರು:

“ಅಣ್ಣ ಉಳ್ಕಂಡ್ರೆ ಅವರ ತೂಕದಷ್ಟು ಬೆಲ್ಲದ ತುಲಾಭಾರ ಮಾಡುಸ್ತೀನಿ ಅಂತ ಅವತ್ತೇ ನಂಜುಂಡಪ್ಪಂಗೆ ಹರಕೆ ಹೊತ್ತಿವ್ನಿ. ಈಗ ಉಳ್ಕಂಡವ್ರಲ್ಲ, ತೀರುಸ್ಬೇಕು.”

ಡಾಕ್ಟರು ಉಳಿದ ಇಂಜೆಕ್ಷನ್ನುಗಳ ದುಡ್ಡನ್ನು ಅಲ್ಲೇ ವಾಪಸು ಮಾಡಿಸಿದರು. ದಯೆಯಿಂದಲೋ, ಈ ಜನ ಇನ್ನೊಂದು ಗಳಿಗೆ ಅಲ್ಲಿದ್ದರೆ ಉಳಿದ ರೋಗಿಗಳೂ ಖಾಲಿಯಾಗುತ್ತಾರೆಂಬ ಭಯದಿಂದಲೋ ಹೇಳಲಾಗದು. ಖರ್ಚಾದ ಭಾಗವನ್ನು ಅಂಬುಜಾ ಪಾತ್ರೆ ಬಾಡಿಗೆಯಲ್ಲಿ ಕೂಡಿಟ್ಟ ಹಣದಿಂದ ತುಂಬಿದರು, ತುಂಬುವಾಗ ಮಾತ್ರ ನಗಲಿಲ್ಲ. ಆ ದುಡ್ಡಿನಲ್ಲಿ ನೀಲಮ್ಮನ ಮಿಲ್ಲಿಗೆ ಹೊಸ ಮೋಟಾರು ಬಂತು. ಬೆಲ್ಲದ ಖರ್ಚು ತಮ್ಮದೆಂದು ಜವರಯ್ಯನವರು ಹೇಳಿ ಕಳಿಸಿದರೆ, ಹರಕೆ ಹೊತ್ತವಳು ನಾನು, ಇನ್ನೊಬ್ಬರ ದುಡ್ಡಿನಲ್ಲಿ ತೀರಿಸಿದರೆ ದೇವರು ಒಪ್ಪುತ್ತಾನೆಯೇ ಎಂಬ ಉತ್ತರ ಬಂತು. ಅದಲ್ಲದೆ ಬೇರೆ ಮಾತಿಲ್ಲ. ನೀಲಮ್ಮ ಅವರ ಜೊತೆ ಮಾತು ಬಿಟ್ಟಿದ್ದರು.

ತಮ್ಮ ಮೈಮೇಲಿನ ಒಂದೊಂದು ಕಿಲೋವೂ ಆ ಹೆಂಗಸಿನ ತಲೆಗೆ ಬೀಳುತ್ತದೆಂದು ತಿಳಿದ ಮೇಲೆ ಜವರಯ್ಯನವರಿಗೆ ಇಂಜೆಕ್ಷನ್ನೇ ಬೇಕಾಗಲಿಲ್ಲ. ಡಾಕ್ಟರು ಹೇಳಿದ್ದ ತಟ್ಟೆಯ ಅಳತೆ ಹಿಡಿದರು, ಬೆಳಿಗ್ಗೆ ಸಂಜೆ ನಡೆದರು, ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೈಮುಗಿದು ಎದ್ದು ಬಂದರು. ಮರೆತು ಕೈ ಚಾಚಿದರೆ ಹಿಡಿಯುವವರಿಗೇನೂ ಬರವಿರಲಿಲ್ಲ. ಹೋಟೆಲಿನವನು ಅವರಿಗೆ ವಡೆ ಕೊಡುವುದು ನಿಲ್ಲಿಸಿದ, ರಾಮಸ್ವಾಮಿ ಜಗುಲಿಯಿಂದಲೇ ನಡಿಗೆಯ ಹಾಜರಿ ಹಾಕಿದರು. ಒಬ್ಬ ಮನುಷ್ಯನ ಮೇಲೆ ಇಷ್ಟು ಖುದ್ದು ನಿಗಾ ಇಡುವ ಕ್ಲಿನಿಕ್ಕು ಮೈಸೂರಿನಲ್ಲಿ ಇನ್ನೊಂದಿರಲಿಲ್ಲ, ಶುಲ್ಕವೂ ಇರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಎಲ್ಲರೂ ನಂಜನಗೂಡಿಗೆ ಹೋದರು. ನೀಲಮ್ಮ ಡಾಕ್ಟರು ಬರೆದುಕೊಟ್ಟ ಹಳೆಯ ತೂಕದ ಲೆಕ್ಕಕ್ಕೇ ಬೆಲ್ಲ ತಂದಿದ್ದರು. ಜವರಯ್ಯನವರು ತಕ್ಕಡಿಯಲ್ಲಿ ಕೂತರು. ಬೆಲ್ಲ ಪೂರ್ತಿ ಏರಿಸುವ ಮೊದಲೇ ಅವರ ತಟ್ಟೆ ಮೇಲೆದ್ದಿತು. ಇವತ್ತಿನ ತೂಕ ಎಷ್ಟೋ ಅಷ್ಟೇ ದೇವರಿಗೆ, ಉಳಿದದ್ದು ನಿಮ್ಮದು ಎಂದರು ಅರ್ಚಕರು. ಒಂದು ದೊಡ್ಡ ಚೀಲ ಬೆಲ್ಲ ಉಳಿದಿತ್ತು. ನೀಲಮ್ಮ ಅದನ್ನು ಜವರಯ್ಯನವರ ಕಡೆ ಎಳೆದಿಟ್ಟು, ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟರು.

“ಇದು ನೀವ್ ಇಳ್ಸಿದ್ ತೂಕ, ನಿಮ್ದೇ. ಹೊತ್ಕಂಡ್ ಬಂದು ನಮ್ ಬೀದೀಲಿ ಮನೆಮನೆಗೂ ಹಂಚ್ಬೇಕು. ಹಂಚುವಾಗ ನಂಗೇನೂ ಆಗಿರ್ಲಿಲ್ಲ ಅಂತ ನಿಮ್ ಬಾಯಲ್ಲೇ ಹೇಳ್ಬೇಕು.”

ಚೀಲ ಹೆಗಲಿಗೇರಿಸಿದ ಜವರಯ್ಯನವರಿಗೆ ದೇವಸ್ಥಾನದಿಂದ ಗಾಡಿ ನಿಲ್ಲಿಸಿದ ಜಾಗ ಮುಟ್ಟುವಷ್ಟರಲ್ಲಿ ಮೇಲುಸಿರು ಬಂತು. ಇಷ್ಟನ್ನು ತಾವು ಹಗಲೂ ರಾತ್ರಿ ಹೊತ್ತು ತಿರುಗುತ್ತಿದ್ದೆವಲ್ಲ ಎಂದು ಬೆರಗಾದರು.

ಮರುದಿನ ಬೆಳಿಗ್ಗೆ ಹಂಚಲು ಹೊರಟರು. ಮೊದಲ ಮನೆಯಲ್ಲಿ ಆ ಮಾತನ್ನು ಚೀಲದ ಕಡೆ ನೋಡುತ್ತ ಹೇಳಿದರು. ಎರಡು ಮೂರು ಮನೆಯಾದ ಮೇಲೆ ಸಲೀಸಾಯಿತು. ಯಾರೂ ಬೈಯಲಿಲ್ಲ. ಬೆಲ್ಲ ತೆಗೆದುಕೊಂಡು ನಕ್ಕರು, ಒಬ್ಬಿಬ್ಬರು ತಮಗೂ ಆ ಡಾಕ್ಟರ ವಿಳಾಸ ಬೇಕೆಂದು ಗುಟ್ಟಾಗಿ ಕೇಳಿದರು. ಚೀಲ ಹಗುರಾಗುತ್ತ ಬಂದು ಕೊನೆಗೆ ಒಂದೇ ಅಚ್ಚು ಉಳಿಯಿತು, ಒಂದೇ ಬಾಗಿಲು ಉಳಿಯಿತು.

ಮಿಲ್ಲು ಭರ್ಜರಿಯಾಗಿ ಓಡುತ್ತಿತ್ತು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನೀಲಮ್ಮ ರಾಗಿ ಸುರಿಯುತ್ತಿದ್ದರು. ಜವರಯ್ಯನವರು ಬೆಲ್ಲದ ಅಚ್ಚು ಹಿಡಿದು, ಜೀವನದಲ್ಲಿ ಹೆಂಡತಿಯ ಮುಂದೆಯೂ ಆಡದ ಮಾತನ್ನು ಮೆಲ್ಲಗೆ ಆಡಿದರು. ನೀಲಮ್ಮ ಮೋಟಾರಿನ ಕಡೆ ಕೈ ತೋರಿಸಿ, ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ಇವರು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ನೀಲಮ್ಮ ಕಿವಿಯ ಹಿಂದೆ ಕೈಯಿಟ್ಟುಕೊಂಡರು. ಜವರಯ್ಯನವರು ಕಣ್ಣುಮುಚ್ಚಿ, ಉಸಿರು ಎಳೆದುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದರು. ನೀಲಮ್ಮ ಸ್ವಿಚ್ಚು ಆರಿಸಿದ್ದೂ ಅದೇ ಕ್ಷಣಕ್ಕೆ.

“ನಂದು ತಪ್ಪಾಯ್ತು ಕಣಮ್ಮ ನೀಲಮ್ಮ” ಎಂಬ ಮಾತು ಶ್ರೀರಾಂಪುರದ ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಕೇಳಿಸಿತು. ಜಗುಲಿಯಲ್ಲಿ ರಾಮಸ್ವಾಮಿ ಪೇಪರು ಕೆಳಗಿಳಿಸಿದರು. ಎರಡು ಮೂರು ಕಿಟಕಿ ತೆರೆದವು.

“ಈಗ ಕೇಳುಸ್ತು” ಎಂದು ಹೇಳಿ ನೀಲಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಮ್ಮ ಪಾಲಿನ ಬೆಲ್ಲಕ್ಕೆ ಕೈ ಚಾಚಿದರು.